ಹತ್ತು ದಿನ ನಡೆದರೂ ನಿದ್ದೆ ಬರಲಿಲ್ಲವೇ?

ಪ್ರಶ್ನೆ: ನನಗೆ 68 ವರ್ಷ. ನಿದ್ದೆ ಬರಲೆಂದು ಹತ್ತು ದಿನದಿಂದ ದಿನಾ ಒಂದು ಗಂಟೆ ಬಿರುಸಾಗಿ ನಡೆಯುತ್ತಿದ್ದೇನೆ. ಮಂಡಿನೋವು ಬಂತೇ ಹೊರತು ನಿದ್ದೆ ಬರಲಿಲ್ಲ. ಪರಿಚಯದವರ ಹೆಸರೂ ಥಟ್ಟನೆ ನೆನಪಾಗುವುದಿಲ್ಲ. ನಡಿಗೆ ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ, ಕಡಿಮೆ ಮಾಡಿ. ರೂಢಿಯಿಲ್ಲದ ಕಾಲಿಗೆ ಒಮ್ಮೆಲೇ ಅಷ್ಟು ಹೊರೆ ಬಿದ್ದರೆ ಮಂಡಿ ನೋಯುತ್ತದೆ. ಆ ನೋವೇ ರಾತ್ರಿ ನಿದ್ದೆ ಕೆಡಿಸುತ್ತದೆ. ಇಪ್ಪತ್ತು ನಿಮಿಷದಿಂದ ಶುರುಮಾಡಿ, ವಾರಕ್ಕೆ ಐದೈದು ನಿಮಿಷ ಏರಿಸಿ ನಲವತ್ತಕ್ಕೆ ನಿಲ್ಲಿಸಿ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಸರಿಯಾದ ವೇಗ.

ಇನ್ನು, ಹತ್ತು ದಿನ ತೀರಾ ಕಡಿಮೆ. 1997ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ಸಂಶೋಧಕರ ಅಧ್ಯಯನದಲ್ಲಿ, ನಿದ್ದೆಯ ತೊಂದರೆಯಿದ್ದ 50ರಿಂದ 76 ವರ್ಷದವರು ವಾರಕ್ಕೆ ನಾಲ್ಕು ದಿನ 30–40 ನಿಮಿಷ ವ್ಯಾಯಾಮ ಮಾಡಿದರು. ಬೇಗ ನಿದ್ದೆ ಹತ್ತುವುದು, ಹೆಚ್ಚು ಹೊತ್ತು ಮಲಗುವುದು ಸ್ಪಷ್ಟವಾಗಿ ಕಂಡದ್ದು 16ನೇ ವಾರದಲ್ಲಿ. ನಿಮಗೂ ನಾಲ್ಕು ತಿಂಗಳ ತಾಳ್ಮೆ ಬೇಕು.

ಮಧ್ಯಾಹ್ನ ಎರಡು ಗಂಟೆ ಮಲಗುವ ಅಭ್ಯಾಸವಿದ್ದರೆ ಯಾವ ನಡಿಗೆಯೂ ಅದನ್ನು ಸರಿದೂಗಿಸದು. ಮಧ್ಯಾಹ್ನ ಮೂರಕ್ಕೆ ಮೊದಲು ಅರ್ಧ ಗಂಟೆಯ ನಿದ್ದೆ ಸಾಕು. ಬೆಳಗಿನ ಬಿಸಿಲಲ್ಲಿ ನಡೆದರೆ ದೇಹದ ಗಡಿಯಾರಕ್ಕೂ ಒಳ್ಳೆಯದು.

ನೆನಪಿನ ವಿಷಯಕ್ಕೆ ಬರೋಣ. 2011ರ ಅಮೆರಿಕದ ಅಧ್ಯಯನವೊಂದರಲ್ಲಿ 120 ಹಿರಿಯರಿದ್ದರು. ವರ್ಷವಿಡೀ ವಾರಕ್ಕೆ ಮೂರು ದಿನ 40 ನಿಮಿಷ ನಡೆದವರ ಮಿದುಳಿನಲ್ಲಿ ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್ ಸುಮಾರು ಶೇ. 2ರಷ್ಟು ಬೆಳೆಯಿತು, ಮೈ ಚಾಚುವ ವ್ಯಾಯಾಮವನ್ನಷ್ಟೇ ಮಾಡಿದವರಲ್ಲಿ ಕುಗ್ಗಿತು. ಆದರೆ ನೆನಪಿನ ಪರೀಕ್ಷೆಯಲ್ಲಿ ಎರಡೂ ಗುಂಪು ಸುಧಾರಿಸಿತ್ತು. ಹೀಗಾಗಿ ನಡೆದರೆ ಮರೆವು ಹೋಗುತ್ತದೆಂದು ನಾವು ಮಾತು ಕೊಡಲಾರೆವು.

ನಡಿಗೆಯೊಂದೇ ಸಾಲದು. ವಿಶ್ವ ಆರೋಗ್ಯ ಸಂಸ್ಥೆ 65 ದಾಟಿದವರಿಗೆ ವಾರಕ್ಕೆ ಕನಿಷ್ಠ 150 ನಿಮಿಷದ ಚಟುವಟಿಕೆಯ ಜೊತೆಗೆ ಎರಡು ದಿನ ಸ್ನಾಯು ಬಲಪಡಿಸುವ, ಮೂರು ದಿನ ಸಮತೋಲನದ ವ್ಯಾಯಾಮ ಹೇಳುತ್ತದೆ. ಕುರ್ಚಿಯನ್ನು ಗೋಡೆಗೆ ಒತ್ತಿಟ್ಟು, ಕೈ ಊರದೆ ಎಂಟು ಸಲ ಎದ್ದು ನಿಧಾನವಾಗಿ ಕೂತುಕೊಳ್ಳಿ. ಧೊಪ್ಪನೆ ಕೂತರೆ ತೊಡೆಗೆ ಕೆಲಸವಿಲ್ಲ. ಮಂಡಿ ನೊಂದರೆ ಕುರ್ಚಿಯ ಮೇಲೆ ದಿಂಬು ಹಾಕಿ ಎತ್ತರಿಸಿ. ಆಮೇಲೆ ಅಡುಗೆಮನೆಯ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸಿ, ಹತ್ತು ಸಲ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ನಡೆಯಬಾರದು, ಜೇಬಿನಲ್ಲಿ ಸಕ್ಕರೆ ಇರಲಿ. ಎದೆ ಹಿಡಿದಂತಾದರೆ ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಜೋರು ಗೊರಕೆಯ ನಡುವೆ ಉಸಿರು ಕಟ್ಟುತ್ತದೆಂದು ಮನೆಯವರು ಹೇಳಿದರೆ, ಅಥವಾ ಗೊತ್ತಿರುವ ರಸ್ತೆಯಲ್ಲೇ ದಾರಿ ತಪ್ಪಿದರೆ, ನಾಲ್ಕು ತಿಂಗಳು ಕಾಯದೆ ವೈದ್ಯರನ್ನು ಕಾಣಿ.