ಕೈಯಲ್ಲಿ ಹಾಕಿದ ಕ್ರೋಶಾ ಸಾಮಾನು ಮಾರಲು ಊರಿನ ಮೇಳದಲ್ಲಿ ಮಳಿಗೆ ಹಿಡಿಯಬಹುದಾ? ಬೆಲೆ ಹೇಗೆ ಇಡಬೇಕು?

ಮುಂದಿನ ತಿಂಗಳು ನಿಮ್ಮೂರಲ್ಲಿ ಎರಡು ದಿನದ ಕರಕುಶಲ ಮೇಳ ಇದೆ, ಕ್ರೋಶಾ ತೋರಣ, ಚೀಲ ಎಲ್ಲ ಮಾಡಿಟ್ಟಿದ್ದೀರಿ, ಹೋಗಲಾ ಬೇಡವಾ ಅಂತ ಕೇಳಿದ್ದೀರಿ. ನಾನು ಧಾರವಾಡದವಳು, ಕಸೂತಿ ಹಾಕುತ್ತೇನೆ. ಆರು ವರ್ಷದಿಂದ ಮೇಳಗಳಲ್ಲಿ ಕೂತಿದ್ದೇನೆ.

ಹೋಗಿ. ಆದರೆ ಮೊದಲ ಸಲವೇ ದುಡ್ಡು ಮಾಡಬೇಕು ಅಂತ ಹೋಗಬೇಡಿ. ನನ್ನ ಮೊದಲ ಮೇಳದಲ್ಲಿ ಮಳಿಗೆ ಬಾಡಿಗೆ 2,500, ವ್ಯಾಪಾರ 3,100. ಆಟೋ, ಊಟದ ಖರ್ಚು ಕಳೆದರೆ ಉಳಿದದ್ದು ಬೆನ್ನುನೋವು. ತಪ್ಪು ನನ್ನದೇ. ಐದು ಸೀರೆ, ಎಂಟು ದುಪಟ್ಟಾ ಒಯ್ದಿದ್ದೆ. ಎಲ್ಲವೂ ಸಾವಿರದ ಮೇಲಿನವು. ಜನ ಬಂದರು, ಮುಟ್ಟಿ ನೋಡಿದರು, ‘ಭಾಳ ಛಂದ ಅದಾವ್ರಿ’ ಅಂದರು, ಮುಂದಿನ ಮಳಿಗೆಗೆ ಹೋದರು. ಎರಡು ದುಪಟ್ಟಾ ಮಾತ್ರ ಹೋದವು, ಒಂದಕ್ಕೆ 1,550ರಂತೆ.

ಊರಿನ ಮೇಳಕ್ಕೆ ಹೆಚ್ಚಿನವರು ಬರುವುದು ಸಂಜೆ ಸುತ್ತಾಡಲಿಕ್ಕೆ. ಸೀರೆ ಕೊಳ್ಳುವ ಯೋಚನೆ ಮನೆಯಿಂದ ಹೊರಡುವಾಗ ಇರುವುದಿಲ್ಲ. ನೂರು ರೂಪಾಯಿಯದು ಕಂಡರೆ ಮಾತ್ರ ಹೆಚ್ಚು ಯೋಚಿಸದೆ ತೆಗೆದುಕೊಳ್ಳುತ್ತಾರೆ. ಮರುವರ್ಷ ಉಳಿದ ಮ್ಯಾಟಿ ಬಟ್ಟೆಯ (ಎಳೆ ಎಣಿಸಲು ಬರುವ ದಪ್ಪ ನೇಯ್ಗೆಯದು) ತುಂಡುಗಳಲ್ಲಿ ಓದಿದ ಪುಟದ ಗುರುತಿಗೆ ಪುಸ್ತಕದಲ್ಲಿ ಇಡುವ ಪಟ್ಟಿ ಮಾಡಿ 80 ರೂಪಾಯಿಗೆ ಇಟ್ಟೆ. ಒಂದಕ್ಕೆ ಅರ್ಧ ಗಂಟೆಯೂ ಹಿಡಿಯುವುದಿಲ್ಲ. ಬಾಡಿಗೆ ಅದರಲ್ಲೇ ಹುಟ್ಟಿತು. ನೀವು ಕೀಚೈನು, ಜಡೆ ಕ್ಲಿಪ್ಪಿಗೆ ಹೂವು ಇಂಥವನ್ನು ಮುಂದೆ ಹರಡಿ. ತೋರಣ ಹಿಂದೆ ತೂಗುಹಾಕಿ, ದೂರದಿಂದ ಕಾಣಲಿ.

ಈಗ ಬೆಲೆ. ಗಡಿಯಾರ ಇಟ್ಟುಕೊಂಡು ಒಂದು ಸಾಮಾನು ಮಾಡಿ ನೋಡಿ. ನನ್ನ ದುಪಟ್ಟಾಕ್ಕೆ ಬಟ್ಟೆ 350, ದಾರ 60, ಕೆಲಸ 30 ಗಂಟೆ. 1,550ಕ್ಕೆ ಮಾರಿದಾಗ ಗಂಟೆಗೆ ನನಗೆ ಬಿದ್ದದ್ದು 38 ರೂಪಾಯಿ, ಅದೂ ಬಾಡಿಗೆ ಕಳೆಯುವ ಮೊದಲು! ಲೆಕ್ಕ ಹಾಕಿದ ರಾತ್ರಿ ನನಗೇ ನಾಚಿಕೆಯಾಯಿತು. ಈಗ ಗಂಟೆಗೆ 60 ಹಿಡಿಯುತ್ತೇನೆ, ಮೇಲೆ ಬಟ್ಟೆ, ದಾರ, ಬಾಡಿಗೆಯ ಪಾಲು ಸೇರಿಸುತ್ತೇನೆ. 2,400 ಆಗುತ್ತದೆ. ಬೆಲೆ ಚೀಟಿ ಅಂಟಿಸಿಯೇ ಇಡುತ್ತೇನೆ. ಬಾಯಲ್ಲಿ ಹೇಳುವ ಬೆಲೆ ಚೌಕಾಸಿಗೆ ಕರೆದ ಹಾಗೆ.

ಆದರೂ ಕೇಳುವವರು ಕೇಳುತ್ತಾರೆ. ‘ಅಕ್ಕಾ, ಇಂಥದ್ದೇ ಬಜಾರದಾಗ ಮುನ್ನೂರಕ್ಕ ಸಿಗ್ತದಲ್ರಿ?’ ಆಗ ನಾನು ವಾದ ಮಾಡುವುದಿಲ್ಲ. ಬಟ್ಟೆ ತಿರುವಿ ಹಿಂಬದಿ ತೋರಿಸುತ್ತೇನೆ. ಕಸೂತಿಯ ಗವಂತಿ, ಮುರ್ಗಿ ಹೊಲಿಗೆ ಎರಡೂ ಬದಿ ಒಂದೇ ಥರ ಕಾಣುತ್ತವೆ, ಗಂಟು ಇರುವುದಿಲ್ಲ. ಬಟ್ಟೆಯ ಮೇಲೆ ನಕ್ಷೆ ಬರೆದುಕೊಳ್ಳದೆ ಎಳೆ ಎಣಿಸಿಯೇ ಗೋಪುರ, ತೇರು, ಆನೆ ಎಲ್ಲ ಹಾಕಬೇಕು. ಯಂತ್ರದ್ದರ ಹಿಂಬದಿಯಲ್ಲಿ ಬೇರೆ ದಾರ, ಅಂಟಿಸಿದ ಹಾಳೆ ಕಾಣುತ್ತದೆ. ಒಂದು ಯಂತ್ರದ ತುಂಡನ್ನೂ ಪಕ್ಕದಲ್ಲೇ ಇಟ್ಟಿದ್ದೇನೆ. ಎರಡನ್ನೂ ತಿರುವಿ ನೋಡಿದವರಲ್ಲಿ ಎಷ್ಟೋ ಜನ ಚೌಕಾಸಿ ಬಿಟ್ಟಿದ್ದಾರೆ.

ನಿಮಗೆ ಇದು ಇನ್ನೂ ಸುಲಭ. ಅಂಗಡಿಯಲ್ಲಿ ಸಿಗುವ ಯಂತ್ರದ ಲೇಸು ನೋಡಲು ಕ್ರೋಶಾದ ಹಾಗಿದ್ದರೂ ಅದರ ಹೆಣಿಗೆಯೇ ಬೇರೆ. ಮಳಿಗೆಯಲ್ಲಿ ಸುಮ್ನೆ ಕೂರಬೇಡಿ, ಕಡ್ಡಿ ದಾರ ಹಿಡಿದು ಹಾಕುತ್ತಾ ಕೂರಿ. ಕೈ ಆಡುತ್ತಿದ್ದರೆ ಜನ ನಿಲ್ಲುತ್ತಾರೆ. ಮೊಬೈಲ್ ನೋಡುತ್ತಾ ಕೂತವರ ಮಳಿಗೆಗೆ ಯಾರೂ ಬರುವುದಿಲ್ಲ, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ‘ಮನೆಯಲ್ಲಿ ಹೊತ್ತು ಹೋಗದವರ ಕೆಲಸ’ ಅಂತ ಯಾರಾದರೂ ಅಂದರೆ, ಆಂಧ್ರದ ನರಸಾಪುರದ ಕ್ರೋಶಾ ಲೇಸಿಗೆ ಜಿಐ ಟ್ಯಾಗ್, ಅಂದರೆ ಆ ಊರಿನದೇ ವಿಶೇಷ ಅನ್ನುವ ಸರಕಾರಿ ಗುರುತು, ಸಿಕ್ಕಿದೆ ಅನ್ನಿ.

ಮಳಿಗೆಯ ಜಾಗವನ್ನು ದುಡ್ಡು ಕಟ್ಟುವ ಮೊದಲೇ ನೋಡಿಕೊಳ್ಳಿ. ಒಮ್ಮೆ ನನಗೆ ಗಿರ್ಮಿಟ್ ಮಿರ್ಚಿ ಅಂಗಡಿಯ ಪಕ್ಕ ಕೊಟ್ಟರು. ಜನ ಜಾಸ್ತಿ ಬರುತ್ತಾರೆ ಅಂತ ಖುಷಿಪಟ್ಟೆ. ಬಂದರು, ಎಣ್ಣೆ ಕೈಯಲ್ಲೇ ಬಂದರು. ಬಿಳಿ ಮೇಜುಬಟ್ಟೆಯ ಮೇಲೆ ಐದು ಬೆರಳೂ ಮೂಡಿದವು. ಆ ಬಟ್ಟೆ ಈಗ ನಮ್ಮ ಮನೆಯ ಟಿವಿ ಮೇಲಿದೆ. ಅಂದಿನಿಂದ ಮುಟ್ಟಿ ನೋಡಲು ಒಂದೇ ಸಾಮಾನು ಹೊರಗೆ ಇಡುತ್ತೇನೆ, ಉಳಿದವು ಪ್ಲಾಸ್ಟಿಕ್ ಹೊದಿಕೆಯಲ್ಲಿ.

ಹತ್ತು, ಇಪ್ಪತ್ತರ ನೋಟು ಒಯ್ಯಿರಿ. ಮೈದಾನದಲ್ಲಿ ಜನ ಸೇರಿದರೆ ನೆಟ್‌ವರ್ಕ್ ಸಿಗುವುದಿಲ್ಲ, ಫೋನ್‌ಪೇ ನಂಬಿ ಕೂರಬೇಡಿ. ಜೊತೆಗೆ ಒಬ್ಬರು ಇರಲಿ, ಇಲ್ಲದಿದ್ದರೆ ಶೌಚಾಲಯಕ್ಕೂ ಹೋಗಲಾಗುವುದಿಲ್ಲ.

ಇದು ಒಗ್ಗಿದರೆ ಕೇಂದ್ರ ಜವಳಿ ಸಚಿವಾಲಯದ ಕರಕುಶಲ ವಿಭಾಗ ಕೊಡುವ ಪೆಹಚಾನ್ ಕಾರ್ಡಿಗೆ, ಅಂದರೆ ಕುಶಲಕರ್ಮಿಯ ಗುರುತಿನ ಚೀಟಿಗೆ, ಅರ್ಜಿ ಹಾಕಿ. ಗಾಂಧಿ ಶಿಲ್ಪ ಬಜಾರ್‌ನಂಥ ಸರಕಾರಿ ಮೇಳಗಳಿಗೆ ಅದು ಬೇಕಾಗುತ್ತದೆ. ಸ್ವಸಹಾಯ ಸಂಘದಲ್ಲಿದ್ದರೆ, ಇಂಥ ಸಂಘಗಳ ಸಾಮಾನು ಮಾರುವ ಸರಸ್ ಮೇಳದ ಬಗ್ಗೆ ಸಂಘದಲ್ಲೇ ಕೇಳಿ.

ಎರಡನೇ ದಿನ ಸಂಜೆ ಗಂಟು ಕಟ್ಟುವಾಗ ‘ಅರ್ಧಕ್ಕೆ ಕೊಡ್ರಿ’ ಅನ್ನುವವರು ಬಂದೇ ಬರುತ್ತಾರೆ. ಕೊಡಬೇಡಿ. ಬೆಳಿಗ್ಗೆ ಪೂರ್ತಿ ಬೆಲೆ ಕೊಟ್ಟ ಒಬ್ಬರು ಅಲ್ಲೇ ಪಕ್ಕದಲ್ಲಿ ಐಸ್‌ಕ್ರೀಮ್ ತಿನ್ನುತ್ತಾ ನಿಂತಿರುತ್ತಾರೆ. ನನಗೆ ಹಾಗೆ ಆಗಿದೆ.