ಡಾಂಬರು ಚೆನ್ನಾಗಿದೆ ಅಂತ ಗಾಡಿ ಬಿಡಬೇಡಿ

ಪಾಂಡವಪುರದ ಕಡೆ ನಾಲೆ ಏರಿ ರಸ್ತೆಯಲ್ಲಿ ಮೋರಿ ಪಕ್ಕದ ಮಣ್ಣು ರಾತ್ರಿ ಮಳೆಗೆ ಕೊಚ್ಚಿಹೋಗಿದೆ, ಡಾಂಬರು ಮಾತ್ರ ಹಾಗೇ ಇದೆ, ಕಬ್ಬಿನ ಟ್ರ್ಯಾಕ್ಟರ್ ದಾಟಿಸಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ದಾಟಿಸಬೇಡಿ. ಭಾರ ಹೊರೋದು ಡಾಂಬರಲ್ಲ, ಅದರ ಕೆಳಗಿನ ಜಲ್ಲಿ, ಮಣ್ಣು. ಅದು ಹೋದಮೇಲೂ ಡಾಂಬರು ಸ್ವಲ್ಪ ಕಾಲ ಹಪ್ಪಳದ ಹಾಗೆ ನಿಂತಿರುತ್ತೆ. ಬೈಕ್ ದಾಟಿತು ಅಂದ ಮಾತ್ರಕ್ಕೆ ಲೋಡು ದಾಟಲ್ಲ.

ಬೆಳಕಿರುವಾಗ, ಅಂಚಿನ ಹತ್ತಿರ ಹೋಗದೆ, ಗದ್ದೆ ಕಡೆಯಿಂದ ಮೋರಿ ನೋಡಿ. ಕೊಳವೆ ಬಾಯಲ್ಲಿ ಬರಬೇಕಾದ ನೀರು ಪಕ್ಕದ ಮಣ್ಣಿನಿಂದ ಕದಡಿಕೊಂಡು ಒಸರುತ್ತಿದ್ದರೆ ಒಳಗೆ ಇನ್ನೂ ಕೊರೀತಾನೇ ಇದೆ. ರಸ್ತೆ ಮೇಲೆ ಅಂಚಿನುದ್ದಕ್ಕೂ ಸೀಳಿದಂಥ ಬಿರುಕು, ಹೊಸದಾಗಿ ಬಿದ್ದ ತಗ್ಗು, ವಾಲಿದ ಕಲ್ಲು ಕಂಡರೂ ಅಪಾಯವೇ. ಇನ್ನೊಂದು ವಿಷಯ, ಇದನ್ನ ಬಹಳ ಜನ ಮರೀತಾರೆ: ನಾಲೆ ನೀರು ಸರ್ರನೆ ಇಳಿದಾಗಲೂ ಏರಿ ಕುಸಿಯುತ್ತೆ. ನೆಂದ ಮಣ್ಣಿಗೆ ಅಲ್ಲಿವರೆಗೆ ಒತ್ತಿಹಿಡಿದಿದ್ದ ನೀರಿನ ಆಸರೆ ತಪ್ಪಿಹೋಗಿರುತ್ತೆ.

ಬಳಸು ದಾರಿ ದೂರವಾದರೂ ಅದನ್ನೇ ಹಿಡೀರಿ. ಅದಕ್ಕೆ ಮೊದಲು ಎರಡೂ ಕಡೆ ಮುಳ್ಳು ಅಡ್ಡ ಹಾಕಿ, ಕತ್ತಲಲ್ಲಿ ಕಾಣೋ ಹಾಗೆ ಬಿಳಿ ಚೀಲ ಕಟ್ಟಿ, 112ಕ್ಕೂ ಪಂಚಾಯ್ತಿಗೂ ತಿಳಿಸಿ. ಬೆಳಿಗ್ಗೆ ಶಾಲೆ ಮಕ್ಕಳು ಅದೇ ದಾರಿಯಲ್ಲಿ ಸೈಕಲ್ ತುಳೀತಾರೆ.