ಬೇಚಿರಾಕ್ ಅಂದರೆ ದೀಪ ಇಲ್ಲದ ಊರು

ಹಳೆ ಕಾಗದದಲ್ಲಿ ನಿಮ್ಮ ಅಜ್ಜನ ಹೊಲ ‘ಬೇಚಿರಾಕ್ ಗ್ರಾಮ’ದಲ್ಲಿದೆ ಅಂತ ಬರೆದಿದೆ, ಅದು ಬದುಕಲಾಗದ ಜಾಗವೇ ಅಂತ ಕೇಳಿದ್ದೀರಿ. ಹೆದರಬೇಡಿ, ಹಾಗೇನಿಲ್ಲ. ಪಾರಸಿಯಲ್ಲಿ ‘ಬೇ’ ಅಂದರೆ ಇಲ್ಲದ, ‘ಚಿರಾಗ್’ ಅಂದರೆ ದೀಪ. ಸಂಜೆ ದೀಪ ಹಚ್ಚಲು ಒಂದು ಮನೆಯೂ ಇಲ್ಲದ ಊರು, ಅಷ್ಟೇ. ಕಂದಾಯದ ಲೆಕ್ಕದಲ್ಲಿ ಅದಕ್ಕೂ ಗಡಿ ಇದೆ, ಸರ್ವೆ ನಂಬರ್ ಇದೆ. ಬೆಳೆಯೂ ಬರುತ್ತದೆ. ಉಳುವವರು ಮಾತ್ರ ಪಕ್ಕದೂರಲ್ಲಿ ಇರುತ್ತಾರೆ.

ಗೊಂದಲ ಬರುವುದು ಮರಾಠಿಯಿಂದ. ನಾವು ಅಕ್ಕಲಕೋಟ ಕಡೆಯವರು ದಿನಾ ಎರಡೂ ಭಾಷೆ ಕೇಳುತ್ತೇವೆ. ಮರಾಠಿಯಲ್ಲಿ ಊರು ‘ಬೇಚಿರಾಖ್’ ಆಯಿತು ಅಂದರೆ ಪೂರ್ತಿ ನಾಶವಾಯಿತು ಅಂತ. ‘ರಾಖ್’ ಅಂದರೆ ಬೂದಿ ಅಲ್ವಾ, ಕಿವಿಗೆ ಸುಟ್ಟು ಬೂದಿಯಾದ ಹಾಗೇ ಕೇಳಿಸುತ್ತದೆ. ನಾನೂ ಬಹಳ ದಿನ ಸುಮ್ನೆ ಹಾಗೇ ನಂಬಿದ್ದೆ.

ವಾಸಕ್ಕೆ ಲಾಯಕ್ಕಿಲ್ಲದ ಜಾಗವನ್ನು ಬೈಯಲು ನಮ್ಮದೇ ‘ಕೊಂಪೆ’ ಇದೆಯಲ್ಲ. ಕೊಂಪೆಯಲ್ಲಿ ಜನ ಇರಬಹುದು, ಬೇಚಿರಾಕಿನಲ್ಲಿ ಇರುವುದಿಲ್ಲ. ‘ಹಾಳೂರಿಗೆ ಉಳಿದವನೇ ಗೌಡ’ ಅನ್ನುತ್ತಾರೆ, ಇಲ್ಲಿ ಆ ಗೌಡನೂ ಸಿಗುವುದಿಲ್ಲ! ಕೆಲವು ಕಾಗದಗಳಲ್ಲಿ ‘ಬೇಚರಾಕ್’ ಅಂತ ಇರುತ್ತದೆ, ಅದೂ ಇದೇ ಪದ.